ಡಿಜಿಟಲ್ ಬೀಗ ಮತ್ತು ಹಂಚಿಕೆಯ ಹಕ್ಕು: ಸಿಂಗಪುರದ ಟೋವಾ ಪಾಯೋ

ಡಿಜಿಟಲ್ ನಕಲು ನಿರ್ಬಂಧ: ಪುಸ್ತಕ, ಹಾಡು, ಸಿನಿಮಾ, ತಂತ್ರಾಂಶ ಮೊದಲಾದವುಗಳ ಡಿಜಿಟಲ್ ಪ್ರತಿಯನ್ನು ಯಾರು ತೆರೆಯಬಹುದು, ಎಷ್ಟು ದಿನ, ಯಾವ ಯಂತ್ರದಲ್ಲಿ, ಯಾವ ದೇಶದಲ್ಲಿ, ಇನ್ನೊಬ್ಬರ ಕೈಗೆ ಕೊಡಬಹುದೋ ಇಲ್ಲವೋ ಎಂಬುದನ್ನೆಲ್ಲ ಆ ಕಡತಕ್ಕೇ ಕಟ್ಟಿಹಾಕುವ ವ್ಯವಸ್ಥೆ. ಉದ್ಯಮದವರು ಇದನ್ನು ಡಿಆರ್‌ಎಂ ಎನ್ನುತ್ತಾರೆ; ಕಾನೂನಿನ ಪುಸ್ತಕದಲ್ಲಿ ಇದಕ್ಕೆ ತಾಂತ್ರಿಕ ರಕ್ಷಣಾ ಕ್ರಮ ಎಂದು ಹೆಸರು; ಬಳಸುವವರ ಮಾತಿನಲ್ಲಿ ಇದು ಡಿಜಿಟಲ್ ಬೀಗ. ಹಕ್ಕುಸ್ವಾಮ್ಯ ಕಾಯಿದೆ ತಪ್ಪು ಮಾಡಿದವನನ್ನು ತಪ್ಪಾದ ಮೇಲೆ ಹಿಡಿಯುತ್ತದೆ. ಬೀಗ ಹಾಗಲ್ಲ, ಅದು ಎಲ್ಲರನ್ನೂ ಮೊದಲೇ ತಡೆಯುತ್ತದೆ. ಕಾಯಿದೆಯೇ ಕೊಟ್ಟ ವಿನಾಯಿತಿಗಳು ಬೀಗಕ್ಕೆ ತಿಳಿಯುವುದಿಲ್ಲ. ಈ ವಿಷಯದ ಬಹುಪಾಲು ವಿವಾದ ಹುಟ್ಟಿರುವುದು ಇಲ್ಲಿಂದಲೇ.

ಸಿಂಗಪುರದ ನಡುಭಾಗದಲ್ಲಿರುವ ಟೋವಾ ಪಾಯೋ, ಅಲ್ಲಿನ ಗೃಹನಿರ್ಮಾಣ ಮಂಡಳಿಯಾದ ಎಚ್‌ಡಿಬಿ 1960ರ ದಶಕದಲ್ಲಿ ತಾನೇ ಪೂರ್ತಿ ಯೋಜಿಸಿ ಕಟ್ಟಿದ ಮೊದಲ ಉಪನಗರ. ಎಚ್‌ಡಿಬಿಯ ಪ್ರಧಾನ ಕಚೇರಿಯೂ ಈಗ ಇಲ್ಲಿಯೇ ಇದೆ. ನಕಲು ನಿರ್ಬಂಧದ ಮೂರು ಮುಖ್ಯ ಪ್ರಶ್ನೆಗಳನ್ನು ಈ ಒಂದೇ ಬಡಾವಣೆಯ ಆಸುಪಾಸಿನಲ್ಲಿ ನಿಂತು ನೋಡಬಹುದು. ಟೋವಾ ಪಾಯೋ ಸೆಂಟ್ರಲ್‌ನಲ್ಲಿ 1974ರಿಂದ ಸಾರ್ವಜನಿಕ ಗ್ರಂಥಾಲಯವಿದೆ. ಪಶ್ಚಿಮ ಅಂಚಿನ ಟೋವಾ ಪಾಯೋ ರೈಸ್ ರಸ್ತೆಯಲ್ಲಿ ದೃಷ್ಟಿಹೀನರ ಸಂಘ ಮತ್ತು ಶಾಲೆ ಇವೆ. ಅದೇ ರಸ್ತೆಯ ಮೆಟ್ರೊ ನಿಲ್ದಾಣಕ್ಕೆ ಹೆಸರು ಕೊಟ್ಟ ಕಾಲ್ಡೆಕಾಟ್ ಗುಡ್ಡದ ಮೇಲೆ ದೇಶದ ರೇಡಿಯೊ ಮತ್ತು ಟೆಲಿವಿಷನ್ ದಶಕಗಳ ಕಾಲ ನೆಲೆಸಿದ್ದವು. ಎರವಲು ಕೊಡುವ ಹಕ್ಕು, ಓದುವ ಹಕ್ಕು, ಮನೆಯಲ್ಲಿ ಧ್ವನಿಮುದ್ರಿಸಿಕೊಳ್ಳುವ ಹಕ್ಕು, ಈ ಮೂರರ ಕಥೆಯೂ ಇಲ್ಲಿ ಸಿಗುತ್ತದೆ.

ಬೀಗದ ರಚನೆ

ಇ-ಪುಸ್ತಕವೊಂದನ್ನು ಹತ್ತಿರದಿಂದ ನೋಡಿದರೆ ಬೀಗದ ಕೆಲಸ ಸ್ಪಷ್ಟವಾಗುತ್ತದೆ. ಅಡೋಬಿ ವ್ಯವಸ್ಥೆಯಲ್ಲಿ ಮಾರುವ ಅಥವಾ ಎರವಲು ಕೊಡುವ ಪುಸ್ತಕವನ್ನು ಡೌನ್‌ಲೋಡ್ ಮಾಡಿದಾಗ ಮೊದಲು ಕೈಗೆ ಬರುವುದು ಪುಸ್ತಕವಲ್ಲ, ಕೆಲವೇ ಕಿಲೋಬೈಟ್‌ನ ಒಂದು ಚೀಟಿ. ಓದುವ ತಂತ್ರಾಂಶ ಆ ಚೀಟಿ ಹಿಡಿದು ದೂರದ ಸರ್ವರ್ ಬಳಿ ಹೋಗುತ್ತದೆ. ಓದುಗರ ಖಾತೆ ಯಾವುದು, ಯಂತ್ರ ನೋಂದಾಯಿತವೇ, ಎರವಲಾದರೆ ಗಡುವು ಎಂದು ಎಂಬುದನ್ನು ಸರ್ವರ್ ನೋಡಿಕೊಂಡು, ಗೂಢಲಿಪಿಯಲ್ಲಿರುವ ಪುಸ್ತಕವನ್ನೂ ಆ ಖಾತೆಗೆ ಮಾತ್ರ ಹೊಂದುವ ಕೀಲಿಯನ್ನೂ ಕಳಿಸುತ್ತದೆ. ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿ ಗೆಳೆಯರಿಗೆ ಕೊಟ್ಟರೆ ಕಡತವೇನೋ ಹೋಗುತ್ತದೆ, ಕೀಲಿ ಹೋಗುವುದಿಲ್ಲ. ಗಡುವು ಮುಗಿದ ದಿನ ಕಡತ ಅದೇ ಜಾಗದಲ್ಲಿ ಬಿದ್ದಿರುತ್ತದೆ, ತೆರೆಯುವುದಿಲ್ಲ.

ಸಿನಿಮಾ ಸ್ಟ್ರೀಮಿಂಗ್‌ನಲ್ಲೂ ತತ್ತ್ವ ಇದೇ. 2010ರಲ್ಲಿ ಗೂಗಲ್ ಕೊಂಡುಕೊಂಡ ವೈಡ್‌ವೈನ್ ವ್ಯವಸ್ಥೆ ಇಂದು ಕೋಟ್ಯಂತರ ಆಂಡ್ರಾಯ್ಡ್ ಫೋನ್‌ಗಳಲ್ಲಿದೆ. ಯಂತ್ರದ ಚಿಪ್‌ನಲ್ಲೇ ಭದ್ರಕೋಣೆ ಇದ್ದರೆ ಚಿತ್ರ ಪೂರ್ಣ ಸ್ಪಷ್ಟತೆಯಲ್ಲಿ ಬರುತ್ತದೆ. ಇಲ್ಲವಾದರೆ ಅದೇ ಚಂದಾ ಕಟ್ಟಿದವರಿಗೂ ಮಸುಕು ಚಿತ್ರವೇ ಗತಿ. ಸ್ಕ್ರೀನ್‌ಶಾಟ್ ತೆಗೆದರೆ ಕಪ್ಪು ಚೌಕ ಬರುವುದೂ ಈ ಬೀಗದ ದೆಸೆಯಿಂದಲೇ.

ಕ್ಯಾಸೆಟ್, ವಿಸಿಡಿ, ಡಿವಿಡಿ

1987ರವರೆಗೆ ಸಿಂಗಪುರದಲ್ಲಿ ಬ್ರಿಟಿಷರ 1911ರ ಹಕ್ಕುಸ್ವಾಮ್ಯ ಕಾಯಿದೆಯೇ ನಡೆಯುತ್ತಿತ್ತು. ಕ್ಯಾಸೆಟ್ ಯುಗಕ್ಕೆ ಅದು ಏನೇನೂ ಸಾಲದು. 1980ರ ದಶಕದ ಆರಂಭದಲ್ಲಿ ನಕಲಿ ಕ್ಯಾಸೆಟ್ ತಯಾರಿಕೆಗೂ ರಫ್ತಿಗೂ ಸಿಂಗಪುರ ಹೆಸರಾಗಿತ್ತು. ಅಮೆರಿಕದ ವ್ಯಾಪಾರ ಒತ್ತಡದ ನಡುವೆ ಹೊಸ ಕಾಯಿದೆ ಬಂದು 1987ರ ಏಪ್ರಿಲ್ 10ರಂದು ಜಾರಿಯಾಯಿತು. 

ಹೊಸ ಕಾಯಿದೆ ನಕಲಿ ಮಾರಾಟಗಾರರ ಮೇಲೆ ಕಣ್ಣಿಟ್ಟಿತೇ ಹೊರತು ಮನೆಯೊಳಗೆ ಕೈ ಹಾಕಲಿಲ್ಲ. ಪ್ರಸಾರವಾದ ಕಾರ್ಯಕ್ರಮವನ್ನು ಸ್ವಂತಕ್ಕಾಗಿ ಮುದ್ರಿಸಿಕೊಳ್ಳಲು ಅದು ಅವಕಾಶ ಕೊಟ್ಟಿತ್ತು. 1990ರ ದಶಕದಲ್ಲಿ ತಂತ್ರಾಂಶ ಮತ್ತು ಬ್ಯಾಂಕಿಂಗ್ ಕೆಲಸಕ್ಕೆಂದು ಸಿಂಗಪುರಕ್ಕೆ ಬರತೊಡಗಿದ ಕನ್ನಡ ಕುಟುಂಬಗಳು ರಜೆಗೆ ಊರಿಗೆ ಹೋಗಿ ಬರುವಾಗ ಭಾವಗೀತೆಯ ಕ್ಯಾಸೆಟ್ಟು, ರಾಜ್‌ಕುಮಾರ್ ಚಿತ್ರಗಳ ವಿಸಿಡಿ ತರುತ್ತಿದ್ದವು. ಒಂದು ಮನೆಗೆ ಬಂದದ್ದು ನಾಲ್ಕು ಮನೆ ಸುತ್ತುತ್ತಿತ್ತು. 1993ರಲ್ಲಿ ರೂಪುಗೊಂಡ ವಿಸಿಡಿ ಮಾನದಂಡದಲ್ಲಿ ನಕಲು ತಡೆಯೂ ಇರಲಿಲ್ಲ, ದೇಶದ ಬೇಲಿಯೂ ಇರಲಿಲ್ಲ. ಏಷ್ಯಾದಲ್ಲಿ ಅದು ಮನೆಮಾತಾಗಲು ಅಗ್ಗದ ಬೆಲೆಯ ಜೊತೆಗೆ ಇದೂ ಕಾರಣ.

ಬೇಲಿ ಬಂದದ್ದು ಡಿವಿಡಿಯೊಂದಿಗೆ. ಜಗತ್ತನ್ನು ಪ್ರದೇಶಗಳಾಗಿ ಹಂಚಿದಾಗ ಸಿಂಗಪುರ 3ನೇ ಪ್ರದೇಶಕ್ಕೂ ಭಾರತ 5ನೇ ಪ್ರದೇಶಕ್ಕೂ ಸೇರಿದವು. ಮುಂದೆ ಬ್ಲೂ-ರೇ ಬಂದಾಗಲೂ ಸಿಂಗಪುರ ಎ ವಲಯಕ್ಕೆ, ಭಾರತ ಸಿ ವಲಯಕ್ಕೆ ಹೋದವು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕೊಂಡ 5ನೇ ಪ್ರದೇಶದ ಡಿಸ್ಕ್ ಸಿಂಗಪುರದಲ್ಲಿ ಕೊಂಡ ಪ್ಲೇಯರಿನಲ್ಲಿ ಓಡದಿರಬಹುದು. ಸಿಂಗಪುರದ ಕಾನೂನು ಬೇರೆ ದೇಶದಲ್ಲಿ ಸಕ್ರಮವಾಗಿ ತಯಾರಾದ ಪುಸ್ತಕ, ಡಿಸ್ಕ್‌ಗಳನ್ನು ಹಕ್ಕುದಾರನ ಅಪ್ಪಣೆಯಿಲ್ಲದೆ ಆಮದು ಮಾಡಿಕೊಳ್ಳಲು 1990ರ ದಶಕದಿಂದಲೇ ಮುಕ್ತ ಅವಕಾಶ ಕೊಟ್ಟಿದೆ. ವ್ಯಾಪಾರವನ್ನೇ ನಂಬಿದ ಬಂದರು ನಗರದ ವಿವೇಕ ಅದು. ಸುಂಕದ ಕಟ್ಟೆಯಲ್ಲಿ ಯಾರೂ ತಡೆಯದ ಸರಕನ್ನು ಪ್ಲೇಯರಿನೊಳಗಿನ ಒಂದು ಅಂಕಿ ತಡೆಯುತ್ತದೆ. ಕಳ್ಳತನ ತಡೆಯಲು ಬೀಗ ಬೇಕು ಎಂಬ ವಾದ ಇಲ್ಲಿ ನಿಲ್ಲುವುದೇ ಇಲ್ಲ, ಏಕೆಂದರೆ ಇಲ್ಲಿ ಕದ್ದ ಮಾಲಿಲ್ಲ. ಇರುವುದು ದೇಶಕ್ಕೊಂದು ಬೆಲೆ ಇಡುವ ವ್ಯಾಪಾರದ ಲೆಕ್ಕ. ಆಸ್ಟ್ರೇಲಿಯ ಇದನ್ನು ಗುರುತಿಸಿ, ಪ್ರದೇಶ ಸಂಕೇತಗಳಿಗೆ ಕಾನೂನಿನ ರಕ್ಷಣೆ ಸಿಗದಂತೆ ತನ್ನ ಕಾಯಿದೆಯಲ್ಲಿ ಹೊರಗಿಟ್ಟಿತು.

ಡಿವಿಡಿಯ ಗೂಢಲಿಪಿ 40 ಬಿಟ್‌ನ ಸಣ್ಣ ಕೀಲಿಯದು. 1999ರಲ್ಲಿ ಅದು ಒಡೆಯಿತು. ಒಡೆದ ತಂತ್ರಾಂಶಕ್ಕೆ ಸಂಬಂಧಿಸಿ ಮೊಕದ್ದಮೆ ಎದುರಿಸಿದ ನಾರ್ವೆಯ ಯುವಕ ಯೋನ್ ಲೆಕ್ ಯೋಹಾನ್‌ಸನ್ 2003ರಲ್ಲಿ ಖುಲಾಸೆಯಾದ. ತಾನು ಕೊಂಡ ಡಿಸ್ಕನ್ನು ತಾನು ನೋಡುವುದು ಅಪರಾಧವಲ್ಲ ಎಂಬುದು ಅಲ್ಲಿನ ನ್ಯಾಯಾಲಯಗಳ ನಿಲುವು.

ಬೀಗಕ್ಕೆ ಕಾನೂನಿನ ಕಾವಲು

ಬೀಗ ಒಡೆಯುವುದು ಸುಲಭವಾದ್ದರಿಂದ, ಒಡೆಯುವುದೇ ತಪ್ಪು ಎಂಬ ಕಾನೂನು ಬೇಕೆಂದು ಉದ್ಯಮ ಕೇಳಿತು. 1996ರ ವೈಪೊ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಹಕ್ಕುಸ್ವಾಮ್ಯ ಒಪ್ಪಂದದ 11ನೇ ವಿಧಿ ಇದಕ್ಕೆ ಬುನಾದಿ. ಆ ವಿಧಿ ಸಾಕಷ್ಟು ಸಡಿಲವಾಗಿತ್ತು. ಹಕ್ಕುದಾರರ ಹಕ್ಕುಗಳಿಗೆ ಸಂಬಂಧಿಸಿದ ಕ್ರಮಗಳಿಗೆ ತಕ್ಕ ರಕ್ಷಣೆ ಕೊಡಿ ಎಂದಷ್ಟೇ ಅದು ಹೇಳಿತ್ತು. 1998ರಲ್ಲಿ ಅಮೆರಿಕ ತನ್ನ ಡಿಎಂಸಿಎ ಕಾಯಿದೆಯಲ್ಲಿ ಅದನ್ನು ಬಿಗಿ ಮಾಡಿತು. ಆ ಬಿಗಿ ಸಿಂಗಪುರಕ್ಕೆ ಬಂದದ್ದು ವ್ಯಾಪಾರ ಒಪ್ಪಂದದ ಮೂಲಕ. 2003ರ ಮೇ 6ರಂದು ಸಹಿಯಾಗಿ 2004ರ ಜನವರಿ 1ರಿಂದ ಜಾರಿಗೆ ಬಂದ ಅಮೆರಿಕ–ಸಿಂಗಪುರ ಮುಕ್ತ ವ್ಯಾಪಾರ ಒಪ್ಪಂದದ 16ನೇ ಅಧ್ಯಾಯದಲ್ಲಿ ಬೌದ್ಧಿಕ ಆಸ್ತಿಯ ಷರತ್ತುಗಳಿದ್ದವು. ಅದರಂತೆ ಲೇಖಕನ ಮರಣಾನಂತರದ ಹಕ್ಕುಸ್ವಾಮ್ಯದ ಅವಧಿ 50ರಿಂದ 70 ವರ್ಷಕ್ಕೆ ಏರಿತು. ಬೀಗದ ವಿಧಿಗಳು 2005ರ ಜನವರಿ 1ರಿಂದ ಊರ್ಜಿತವಾದವು.

ಈ ವಿಧಿಗಳು ಬೀಗವನ್ನು ಎರಡು ಬಗೆಯಾಗಿ ನೋಡುತ್ತವೆ. ಕೃತಿಯನ್ನು ತೆರೆಯದಂತೆ ತಡೆಯುವ ಬೀಗವನ್ನು ಒಡೆಯುವುದೇ ನಿಷಿದ್ಧ. ನಕಲನ್ನು ತಡೆಯುವ ಬೀಗದ ವಿಷಯದಲ್ಲಿ, ಒಡೆಯುವ ಸಲಕರಣೆಯನ್ನು ತಯಾರಿಸುವುದು, ಮಾರುವುದು ತಪ್ಪು. ಕೊಳ್ಳಬೇಕೋ ಬೇಡವೋ ಎಂದು ಗ್ರಂಥಾಲಯ ಪರಿಶೀಲಿಸುವುದು, ತಂತ್ರಾಂಶಗಳನ್ನು ಒಂದಕ್ಕೊಂದು ಹೊಂದಿಸುವುದು, ಗೂಢಲಿಪಿ ಸಂಶೋಧನೆ, ಭದ್ರತಾ ಪರೀಕ್ಷೆ, ಮಕ್ಕಳ ರಕ್ಷಣೆ, ಖಾಸಗಿತನ, ಪೊಲೀಸ್ ಕೆಲಸ ಇಂಥ ಎಣಿಸಿಟ್ಟ ವಿನಾಯಿತಿಗಳುಂಟು. ಅವುಗಳ ಜೊತೆಗೆ ಸಚಿವರು ನಿಯಮ ಹೊರಡಿಸಿ ಮತ್ತೆ ಕೆಲವನ್ನು ಸೇರಿಸಬಹುದು. ಆದರೆ ಇಡೀ ಹಕ್ಕುಸ್ವಾಮ್ಯ ಕಾಯಿದೆಯ ಉಸಿರೆನಿಸಿದ ನ್ಯಾಯಯುತ ಬಳಕೆಯ ತತ್ತ್ವ ಈ ಪಟ್ಟಿಯಲ್ಲಿಲ್ಲ. ವಿಮರ್ಶೆಗೆ ಒಂದು ದೃಶ್ಯವನ್ನು ಉಲ್ಲೇಖಿಸುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ, ಆದರೆ ಆ ದೃಶ್ಯ ತೆಗೆಯಲು ಬೀಗ ತೆರೆದದ್ದು ಬೇರೆಯೇ ತಪ್ಪಾಗಬಹುದು. ಒಂದು ಪುಟದಲ್ಲಿ ಬರೆದ ಅನುಮತಿ ಇನ್ನೊಂದು ಪುಟದಲ್ಲಿ ಕೈಗೆಟುಕದಂತಾಗಿದೆ. ಸಿಂಗಪುರದ ಕಾಯಿದೆಯಲ್ಲಿ ಇಂದಿಗೂ ತಿದ್ದಬೇಕಾದ ದೊಡ್ಡ ಕೊರತೆ ಇದು.

ಕಾಲ್ಡೆಕಾಟ್ ಗುಡ್ಡದ ಮೊಕದ್ದಮೆ

ಕಾಲ್ಡೆಕಾಟ್ ಗುಡ್ಡದಲ್ಲಿ 1930ರ ದಶಕದಲ್ಲೇ ರೇಡಿಯೊ ಕೇಂದ್ರ ತಲೆಯೆತ್ತಿತ್ತು. 1963ರಲ್ಲಿ ಶುರುವಾದ ಟೆಲಿವಿಷನ್ ಪ್ರಸಾರವೂ ಕೆಲವೇ ವರ್ಷಗಳಲ್ಲಿ ಅಲ್ಲಿಗೆ ಬಂತು. 2010ರ ದಶಕದಲ್ಲಿ ಒನ್-ನಾರ್ತ್‌ಗೆ ಸ್ಥಳಾಂತರಗೊಳ್ಳುವವರೆಗೂ ಮೀಡಿಯಾಕಾರ್ಪ್ ಪ್ರಸಾರ ಸಂಸ್ಥೆಯ ಮನೆ ಈ ಗುಡ್ಡವೇ. 2007ರಲ್ಲಿ ರೆಕಾರ್ಡ್‌ಟಿವಿ ಎಂಬ ಸಣ್ಣ ಕಂಪನಿ ಒಂದು ಸೇವೆ ತೆರೆಯಿತು. ನೋಡುಗರು ಅಂತರಜಾಲದಲ್ಲಿ ತಮಗೆ ಬೇಕಾದ ಉಚಿತ ಕಾರ್ಯಕ್ರಮವನ್ನು ಆರಿಸಿದರೆ ಕಂಪನಿಯ ಯಂತ್ರ ಅದನ್ನು ಮುದ್ರಿಸಿಡುತ್ತಿತ್ತು. ಕೋರಿದವರು ಮಾತ್ರ ಆಮೇಲೆ ನೋಡಬಹುದಿತ್ತು. ಮನೆಯ ವಿಸಿಆರ್ ಮಾಡುತ್ತಿದ್ದ ಕೆಲಸವೇ ಇದು, ಯಂತ್ರ ಮಾತ್ರ ದೂರದಲ್ಲಿತ್ತು. ಮೀಡಿಯಾಕಾರ್ಪ್ ನೋಟಿಸು ಕಳಿಸಿತು. ಆಧಾರವಿಲ್ಲದ ಬೆದರಿಕೆ ಎಂದು ರೆಕಾರ್ಡ್‌ಟಿವಿಯೇ ನ್ಯಾಯಾಲಯಕ್ಕೆ ಹೋಯಿತು.

2009ರಲ್ಲಿ ಹೈಕೋರ್ಟ್ ಪ್ರಸಾರ ಸಂಸ್ಥೆಯ ಕಡೆ ನಿಂತಿತು. 2010ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಮುದ್ರಣದ ಗುಂಡಿ ಒತ್ತುವುದು ನೋಡುಗ. ಆದ್ದರಿಂದ ನಕಲು ಮಾಡಿದವನು ನೋಡುಗನೇ, ಕಂಪನಿಯಲ್ಲ. ಕೋರಿದವರಿಗೆ ಮಾತ್ರ ತೋರಿಸುವುದರಿಂದ ಅದು ಸಾರ್ವಜನಿಕ ಪ್ರಸಾರವೂ ಅಲ್ಲ. ಕಾಯಿದೆಯ ಮಾತು ಅಸ್ಪಷ್ಟವಾಗಿರುವಾಗ ಹಕ್ಕುದಾರನ ಹಿತ ಮತ್ತು ಸಮಾಜಕ್ಕೆ ಒದಗುವ ಹೊಸ ತಂತ್ರಜ್ಞಾನದ ಹಿತ ಎರಡನ್ನೂ ತೂಗಬೇಕು ಎಂಬುದು ಅದರ ಆಶಯ. ಟಿವಿ ಕಾರ್ಯಕ್ರಮವನ್ನು ಆಮೇಲೆ ನೋಡಲು ಟೇಪ್ ಮಾಡಿಕೊಳ್ಳುವುದು ತಪ್ಪಲ್ಲ ಎಂದು 1984ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ ಹೇಳಿದ್ದರ ಮುಂದಿನ ಹೆಜ್ಜೆ ಇದು. ತೀರ್ಪು ಉಚಿತ ಪ್ರಸಾರಕ್ಕೆ, ಅಂದರೆ ಬೀಗವಿಲ್ಲದ ಸಂಕೇತಕ್ಕೆ ಸಂಬಂಧಿಸಿದ್ದು ಎಂಬುದನ್ನು ಗಮನಿಸಬೇಕು. ಅದೇ ಕಾರ್ಯಕ್ರಮ ಇಂದು ಆ್ಯಪ್‌ನೊಳಗೆ ಗೂಢಲಿಪಿಯಲ್ಲಿ ಬಂದರೆ ನ್ಯಾಯಾಲಯ ಗುರುತಿಸಿದ ಆ ಸ್ವಾತಂತ್ರ್ಯವನ್ನು ಚಲಾಯಿಸಲು ಗುಂಡಿಯೇ ಇರುವುದಿಲ್ಲ.

ದಂಡನೆಯ ದಾರಿ

ಬೀಗದ ಬದಲು ತಪ್ಪು ಮಾಡಿದವರನ್ನೇ ಹಿಡಿಯುವ ಯತ್ನವೂ ನಡೆಯಿತು. 2007ರಲ್ಲಿ ಜಪಾನಿ ಆನಿಮೆ ಚಿತ್ರಗಳ ಸ್ಥಳೀಯ ವಿತರಕ ಓಡೆಕ್ಸ್, ಕಡತ ಹಂಚಿದರೆಂದು ಅಂತರಜಾಲ ಗ್ರಾಹಕರಿಂದ 3,000ದಿಂದ 5,000 ಸಿಂಗಪುರ ಡಾಲರ್‌ವರೆಗೆ ವಸೂಲಿಗಿಳಿಯಿತು. ಪತ್ರ ಬಂದವರಲ್ಲಿ ಎಳೆಯರೂ ಇದ್ದರು. ಪೆಸಿಫಿಕ್ ಇಂಟರ್ನೆಟ್ ಕಂಪನಿ ಗ್ರಾಹಕರ ಹೆಸರು ಕೊಡಲು ನಿರಾಕರಿಸಿತು. ಹೆಚ್ಚಿನ ಚಿತ್ರಗಳಿಗೆ ಓಡೆಕ್ಸ್ ಏಕೈಕ ಪರವಾನಗಿದಾರನೇ ಅಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. 2008ರ ಜನವರಿಯಲ್ಲಿ ಹೈಕೋರ್ಟ್, ಹೆಸರುಗಳನ್ನು ಹಕ್ಕಿನ ನಿಜವಾದ ಒಡೆಯರಾದ ಜಪಾನಿ ಸ್ಟುಡಿಯೊಗಳಿಗೆ ಕೊಡಬಹುದು ಎಂದಿತು. ಆಮೇಲೆ ಒತ್ತು ಬಿದ್ದದ್ದು ನಕಲು ಹಂಚುವ ಜಾಲತಾಣಗಳನ್ನೇ ತಡೆಯುವುದರ ಮೇಲೆ. 2014ರ ತಿದ್ದುಪಡಿ ಹೈಕೋರ್ಟಿಗೆ ತಡೆ ಆದೇಶದ ಅಧಿಕಾರ ಕೊಟ್ಟಿತು. 2018ರಲ್ಲಿ ಡಿಸ್ನಿ ಮೊದಲಾದ ಸ್ಟುಡಿಯೊಗಳ ಅರ್ಜಿಯ ಮೇಲೆ 53 ತಾಣಗಳನ್ನು ತಡೆಯಲಾಯಿತು. ಅವು ವಿಳಾಸ ಬದಲಿಸಿದರೂ ಹಿಂಬಾಲಿಸುವ ಆದೇಶವೂ ಬಂತು. ಬೀಗಕ್ಕಿಂತ ಇದು ಮೇಲು ಎನ್ನಬೇಕು. ಇಲ್ಲಿ ನ್ಯಾಯಾಧೀಶರೊಬ್ಬರು ಪುರಾವೆ ನೋಡಿ ತೀರ್ಮಾನಿಸುತ್ತಾರೆ, ದುಡ್ಡು ಕೊಟ್ಟು ಕೊಂಡ ಓದುಗನಿಗೆ ಸಂಕೋಲೆ ಬೀಳುವುದಿಲ್ಲ.

ಎರವಲು

ಅಚ್ಚಾದ ಪುಸ್ತಕವನ್ನು ಗ್ರಂಥಾಲಯ ಒಮ್ಮೆ ಕೊಂಡರೆ ಅದು ಹರಿದು ಚಿಂದಿಯಾಗುವವರೆಗೂ ಎರವಲು ಕೊಡಬಹುದು, ಪ್ರಕಾಶಕರನ್ನು ಕೇಳಬೇಕಿಲ್ಲ. ಇ-ಪುಸ್ತಕವನ್ನು ಗ್ರಂಥಾಲಯ ಕೊಳ್ಳುವುದೇ ಇಲ್ಲ, ಪರವಾನಗಿ ಪಡೆಯುತ್ತದೆ. ಟೋವಾ ಪಾಯೋ ಗ್ರಂಥಾಲಯವನ್ನು ನಡೆಸುವ ರಾಷ್ಟ್ರೀಯ ಗ್ರಂಥಾಲಯ ಮಂಡಳಿ ಓವರ್‌ಡ್ರೈವ್ ಕಂಪನಿಯ ಲಿಬಿ ಆ್ಯಪ್ ಮೂಲಕ ಇ-ಪುಸ್ತಕ, ಧ್ವನಿಪುಸ್ತಕ ಕೊಡುತ್ತದೆ. ಒಂದು ಪರವಾನಗಿಗೆ ಒಂದು ಹೊತ್ತಿಗೆ ಒಬ್ಬ ಓದುಗ ಎಂಬುದು ಸಾಮಾನ್ಯ ಷರತ್ತು. ಸಾವಿರ ಜನಕ್ಕೆ ಒಮ್ಮೆಲೇ ಕೊಡಬಲ್ಲ ಕಡತಕ್ಕಾಗಿ ಜನ ಸರದಿಯಲ್ಲಿ ಕಾಯುತ್ತಾರೆ. ಗಡುವು ಬಂದಾಗ ಪುಸ್ತಕ ತಾನಾಗಿ ಮರಳುತ್ತದೆ. ದಂಡದ ಭಯವಿಲ್ಲ ಎಂಬುದು ಓದುಗರಿಗೆ ನಿಜವಾದ ಅನುಕೂಲ.

ಗ್ರಂಥಾಲಯಕ್ಕೆ ಮಾತ್ರ ಇದು ಹೊರೆ. 2011ರಲ್ಲಿ ಹಾರ್ಪರ್‌ಕಾಲಿನ್ಸ್, ಒಂದು ಇ-ಪುಸ್ತಕ 26 ಬಾರಿ ಎರವಲು ಹೋದರೆ ಮತ್ತೆ ಪರವಾನಗಿ ಪಡೆಯಬೇಕು ಎಂದಿತು. ಬೇರೆ ಪ್ರಕಾಶಕರು ಎರಡು ವರ್ಷದಂಥ ಗಡುವು ಇಟ್ಟರು. ಮ್ಯಾಕ್‌ಮಿಲನ್ 2019ರ ನವೆಂಬರ್‌ನಲ್ಲಿ ಹೊಸ ಪುಸ್ತಕಗಳನ್ನು ಗ್ರಂಥಾಲಯಗಳಿಗೆ ತಡೆದು ಕೊಡುವ ನೀತಿ ತಂದು, ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ತನ್ನ ಬಳಿಯಿರುವ ಅಚ್ಚಿನ ಪ್ರತಿಯನ್ನೇ ಸ್ಕ್ಯಾನ್ ಮಾಡಿ ಒಂದಕ್ಕೊಂದರಂತೆ ಎರವಲು ಕೊಡುವ ಇಂಟರ್ನೆಟ್ ಆರ್ಕೈವ್‌ನ ಪ್ರಯತ್ನವನ್ನು ಅಮೆರಿಕದ ನ್ಯಾಯಾಲಯಗಳು 2023ರಲ್ಲೂ, ಮೇಲ್ಮನವಿಯಲ್ಲಿ 2024ರ ಸೆಪ್ಟೆಂಬರ್‌ನಲ್ಲೂ ಒಪ್ಪಲಿಲ್ಲ. ಆ ವ್ಯಾಜ್ಯದ ಫಲವಾಗಿ ಸುಮಾರು ಐದು ಲಕ್ಷ ಪುಸ್ತಕಗಳು ಎರವಲಿನಿಂದ ಹೊರಬಿದ್ದವು.

ಕೊಂಡದ್ದೂ ಉಳಿಯುವ ಖಾತ್ರಿಯಿಲ್ಲ. 2009ರ ಜುಲೈಯಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ ಜಾರ್ಜ್ ಆರ್ವೆಲ್‌ರ ಎರಡು ಕಾದಂಬರಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ, ಹಣ ಮರಳಿಸಿತಾದರೂ, ಗ್ರಾಹಕರು ಕೊಂಡ ಪುಸ್ತಕಗಳೆಲ್ಲ ತೆರೆಯದಾದವು. ಸಂಗೀತದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. 2005ರಲ್ಲಿ ಸೋನಿ ಬಿಎಂಜಿ ಸಿಡಿಗಳು ಗ್ರಾಹಕರ ಕಂಪ್ಯೂಟರಿನೊಳಗೆ ಗುಟ್ಟಾಗಿ ತಂತ್ರಾಂಶ ನೆಟ್ಟದ್ದು ಬಯಲಾಗಿ ಉದ್ಯಮದ ಮಾನ ಹೋಯಿತು. 2007ರಲ್ಲಿ ಇಎಂಐ, 2009ರಲ್ಲಿ ಆಪಲ್‌ನ ಇಡೀ ಹಾಡಿನ ಅಂಗಡಿ ಬೀಗ ತೆಗೆದವು. ಬೀಗ ತೆಗೆದ ಮೇಲೂ ಹಾಡುಗಳು ಮಾರಾಟವಾದವು. ಪುಸ್ತಕ ಮತ್ತು ಸಿನಿಮಾದವರು ಈ ಅನುಭವವನ್ನು ಇನ್ನೂ ಕಿವಿಗೆ ಹಾಕಿಕೊಂಡಿಲ್ಲ.

ಟೋವಾ ಪಾಯೋ ರೈಸ್ ಮತ್ತು ಮರಾಕೆಶ್ ಒಪ್ಪಂದ

ಬೀಗದ ಪೆಟ್ಟು ಎಲ್ಲರಿಗಿಂತ ಹೆಚ್ಚಾಗಿ ಬೀಳುವುದು ಕಣ್ಣಿನಿಂದ ಓದಲಾಗದವರ ಮೇಲೆ. 1951ರಲ್ಲಿ ಸ್ಥಾಪನೆಯಾದ ಸಿಂಗಪುರ ದೃಷ್ಟಿಹೀನರ ಸಂಘ ಟೋವಾ ಪಾಯೋ ರೈಸ್‌ನಲ್ಲಿದೆ. ಈಗ ಲೈಟ್‌ಹೌಸ್ ಸ್ಕೂಲ್ ಎನಿಸಿಕೊಂಡಿರುವ ಶಾಲೆ ಪಕ್ಕದಲ್ಲೇ ಇದೆ. ಬ್ರೈಲ್ ಪುಸ್ತಕ ದಪ್ಪ, ದುಬಾರಿ, ತಯಾರಿಸಲು ತಿಂಗಳುಗಳೇ ಬೇಕು. ಡಿಜಿಟಲ್ ಪಠ್ಯ ಬಂದಾಗ ಈ ಕಷ್ಟ ಮುಗಿಯಬೇಕಿತ್ತು. ಪಠ್ಯವಿದ್ದರೆ ಸಾಕು, ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ಗಟ್ಟಿಯಾಗಿ ಓದುತ್ತದೆ, ಬೆರಳಡಿಯಲ್ಲಿ ಚುಕ್ಕಿಗಳನ್ನೆಬ್ಬಿಸುವ ಯಂತ್ರಕ್ಕೆ ಕಳಿಸುತ್ತದೆ. ಆದರೆ ಬೀಗ ಹಾಕಿದ ಕಡತದಲ್ಲಿ ಪಠ್ಯವನ್ನು ಹೊರತೆಗೆಯುವುದೇ ನಿಷಿದ್ಧ. ನಕಲು ಮಾಡುವವನ ಕೈಯೂ ಓದಿ ಹೇಳುವ ತಂತ್ರಾಂಶದ ಕೈಯೂ ಬೀಗಕ್ಕೆ ಒಂದೇ. 2009ರಲ್ಲಿ ಕಿಂಡಲ್ 2 ಗಟ್ಟಿಯಾಗಿ ಓದುವ ಸೌಲಭ್ಯದೊಂದಿಗೆ ಬಂದಾಗ ಅಮೆರಿಕದ ಲೇಖಕರ ಒಕ್ಕೂಟ ಆಕ್ಷೇಪಿಸಿತು, ಧ್ವನಿಪುಸ್ತಕದ ಹಕ್ಕು ಬೇರೆ ಎಂಬುದು ಅದರ ವಾದ. ಪ್ರಕಾಶಕರು ಬೇಡವೆಂದರೆ ಆ ಪುಸ್ತಕ ಮೌನವಾಗುವಂತೆ ಅಮೆಜಾನ್ ವ್ಯವಸ್ಥೆ ಬದಲಿಸಿತು. ದುಡ್ಡು ಕೊಟ್ಟು ಕೊಂಡ ಪುಸ್ತಕ ಅಂಧ ಓದುಗರ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದು ಯಾವ ಲೇಖಕನ ಹಿತವನ್ನು ಕಾಯುತ್ತದೆ ಎಂಬುದಕ್ಕೆ ಒಪ್ಪುವ ಉತ್ತರ ಅಂದೂ ಸಿಗಲಿಲ್ಲ, ಇಂದೂ ಇಲ್ಲ.

2013ರ ಜೂನ್ 27ರಂದು ಮೊರಾಕ್ಕೊದ ಮರಾಕೆಶ್‌ನಲ್ಲಿ ಅಂಗೀಕಾರವಾದ ಒಪ್ಪಂದ ಈ ಕ್ಷೇತ್ರದ ಅತಿ ಮಹತ್ವದ ಹೆಜ್ಜೆ. ಹಕ್ಕುಸ್ವಾಮ್ಯದ ಅಂತಾರಾಷ್ಟ್ರೀಯ ಒಪ್ಪಂದಗಳೆಲ್ಲ ಅದುವರೆಗೆ ಒಡೆಯರ ಹಕ್ಕನ್ನೇ ಬೆಳೆಸುತ್ತ ಬಂದಿದ್ದವು. ಓದುಗರ ಹಕ್ಕನ್ನು ಕೇಂದ್ರವಾಗಿಟ್ಟ ಮೊದಲ ಒಪ್ಪಂದ ಇದು. ಅಧಿಕೃತ ಸಂಸ್ಥೆಗಳು ಹಕ್ಕುದಾರರ ಅಪ್ಪಣೆಯಿಲ್ಲದೆ ಪುಸ್ತಕವನ್ನು ಬ್ರೈಲ್, ಧ್ವನಿ, ದೊಡ್ಡಕ್ಷರ, ಡಿಜಿಟಲ್ ಪಠ್ಯ ಹೀಗೆ ಓದಬಲ್ಲ ರೂಪಕ್ಕೆ ತರಬಹುದು. 5ನೇ ವಿಧಿಯಂತೆ ಹಾಗೆ ತಯಾರಿಸಿದ ಪ್ರತಿಯನ್ನು ಇನ್ನೊಂದು ಸದಸ್ಯ ದೇಶಕ್ಕೆ ಕಳಿಸಬಹುದು. ಬೀಗದ ಕಾನೂನು ಈ ಸೌಲಭ್ಯಕ್ಕೆ ಅಡ್ಡಬರದಂತೆ ದೇಶಗಳು ನೋಡಿಕೊಳ್ಳಬೇಕು ಎನ್ನುತ್ತದೆ 7ನೇ ವಿಧಿ. ಭಾರತ 2014ರ ಜೂನ್ 24ರಂದು ಇದನ್ನು ಸ್ಥಿರೀಕರಿಸಿದ ಮೊದಲ ದೇಶವಾಯಿತು. ಸಿಂಗಪುರ 2015ರ ಮಾರ್ಚ್ 30ರಂದು ಸೇರಿತು. 20 ದೇಶಗಳು ಸೇರಿ 2016ರ ಸೆಪ್ಟೆಂಬರ್ 30ರಂದು ಒಪ್ಪಂದ ಜಾರಿಯಾಯಿತು.

ಕನ್ನಡಿಗರಿಗೆ ಇದರ ಅರ್ಥ ದೊಡ್ಡದು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆ 1990ರಿಂದ ದೃಷ್ಟಿಹೀನರಿಗಾಗಿ ದುಡಿಯುತ್ತ, ಕನ್ನಡದ ಮಾತಾಡುವ ಪುಸ್ತಕಗಳನ್ನು ತಯಾರಿಸುತ್ತ ಬಂದಿದೆ. 2016ರ ಆಗಸ್ಟ್‌ನಲ್ಲಿ ಭಾರತ ಸರ್ಕಾರ, ಡೈಸಿ ಫೋರಂ ಆಫ್ ಇಂಡಿಯಾ ಮತ್ತು ಟಿಸಿಎಸ್ ಸೇರಿ ಓದಬಲ್ಲ ರೂಪದ ಪುಸ್ತಕಗಳ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಭಂಡಾರವನ್ನು ತೆರೆದವು. ಸಿಂಗಪುರದಲ್ಲಿ ಕನ್ನಡ ಪುಸ್ತಕವನ್ನು ಬ್ರೈಲ್‌ಗೆ ತರುವ ವ್ಯವಸ್ಥೆ ಹುಟ್ಟುವುದು ಕಷ್ಟ, ಓದುಗರ ಸಂಖ್ಯೆ ಸಣ್ಣದು. ಮಗ, ಮಗಳ ಮನೆಗೆಂದು ಬಂದು ಎಚ್‌ಡಿಬಿ ಫ್ಲ್ಯಾಟಿನಲ್ಲಿ ನೆಲೆಸಿದ, ದೃಷ್ಟಿ ಕುಂದಿದ ಹಿರಿಯರೊಬ್ಬರಿಗೆ ಕರ್ನಾಟಕದಲ್ಲಿ ತಯಾರಾದ ಪ್ರತಿ ಅಧಿಕೃತ ಸಂಸ್ಥೆಗಳ ಮೂಲಕ ಸಕ್ರಮವಾಗಿ ತಲುಪುವ ದಾರಿ ಎರಡೂ ದೇಶಗಳ ಸದಸ್ಯತ್ವದಿಂದ ತೆರೆದಿದೆ. ಒಪ್ಪಂದಕ್ಕೆ ಮುಂಚೆ ಅದೇ ಪ್ರತಿಯನ್ನು ಸಮುದ್ರ ದಾಟಿಸಲು ಎರಡೂ ಕಡೆಯ ಹಕ್ಕುದಾರರ ಅಪ್ಪಣೆ ಹುಡುಕಬೇಕಿತ್ತು.

2021ರ ಕಾಯಿದೆ

ಸಿಂಗಪುರ ತನ್ನ ಹಕ್ಕುಸ್ವಾಮ್ಯ ಕಾಯಿದೆಯನ್ನು ಪೂರ್ತಿ ಹೊಸದಾಗಿ ಬರೆದು 2021ರ ನವೆಂಬರ್ 21ರಿಂದ ಜಾರಿಗೆ ತಂದಿತು. ಅಕ್ರಮ ಸ್ಟ್ರೀಮಿಂಗ್ ಪೆಟ್ಟಿಗೆ ಮಾರುವವರನ್ನು ಅದು ನೇರವಾಗಿ ಹೊಣೆ ಮಾಡಿತು. ಅಂಥ ಪೆಟ್ಟಿಗೆಗಳಿಗೆ ಹೆಸರಾದದ್ದು ಸಿಮ್ ಲಿಮ್ ಸ್ಕ್ವೇರ್ ಮಳಿಗೆಗಳು. ಹಂಚಿಕೆಯ ದೃಷ್ಟಿಯಿಂದ ಇನ್ನೊಂದು ಮಾತು ಮುಖ್ಯ. ಕಂಪ್ಯೂಟರಿನಿಂದ ಪಠ್ಯಗಳ ವಿಶ್ಲೇಷಣೆ ನಡೆಸಲು 244ನೇ ಕಲಂ ಕೊಟ್ಟ ಅವಕಾಶವೂ ಸೇರಿದಂತೆ ಕೆಲವು ಅನುಮತಿಗಳನ್ನು ಯಾವ ಕರಾರಿನಿಂದಲೂ ಕಿತ್ತುಕೊಳ್ಳಲಾಗದು. ನಾನು ಒಪ್ಪುತ್ತೇನೆ ಎಂಬ ಗುಂಡಿ ಒತ್ತಿಸಿಕೊಂಡ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಕರಾರಿಗೆ ಹಾಕಿದ ಈ ಮಿತಿಯನ್ನು ಬೀಗಕ್ಕೂ ಹಾಕಿದ್ದರೆ ಕಾಯಿದೆ ಪೂರ್ಣವಾಗುತ್ತಿತ್ತು.

ಭಾರತ ಮತ್ತು ಕನ್ನಡ

ಬೀಗದ ಈ ವಿಷಯದಲ್ಲಿ ಸಿಂಗಪುರಕ್ಕಿಂತ ಭಾರತದ ಕಾನೂನು ಹೆಚ್ಚು ಉದಾರ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಮಾತ್ರ ಶಿಕ್ಷೆ ಎನ್ನುತ್ತದೆ; ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಕಾಯಿದೆ ಬೇಡವೆನ್ನದ ಕೆಲಸಕ್ಕೆ ಬೀಗ ತೆರೆಯಬಹುದು. ಇನ್ನೊಬ್ಬರಿಗೆ ತೆರೆದುಕೊಡುವವರು ಯಾರಿಗಾಗಿ, ಏತಕ್ಕಾಗಿ ತೆರೆದೆವು ಎಂಬ ದಾಖಲೆ ಇಡಬೇಕು, ಅಷ್ಟೆ. ವ್ಯಾಪಾರ ಒಪ್ಪಂದದ ಒತ್ತಡಕ್ಕೆ ಸಿಕ್ಕದೆ ಬರೆದ ಕಲಂ ಇದು. ಉದ್ದೇಶವನ್ನು ನೋಡಿ ತಪ್ಪನ್ನು ಅಳೆಯುವ ಈ ದಾರಿ ಸಿಂಗಪುರದ ಪಟ್ಟಿಗಿಂತ ನ್ಯಾಯಕ್ಕೆ ಹತ್ತಿರ.

ಪ್ರತಿ ಮಾಡಿ ಹಂಚುವುದು ಕನ್ನಡದಲ್ಲಿ ಪುಣ್ಯದ ಕೆಲಸವಾಗಿಯೇ ಶುರುವಾಯಿತು. ಹತ್ತನೇ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವನಿಗೂ ಹೊಟ್ಟೆ ಇದೆ ಎಂಬುದನ್ನು ಗಳಗನಾಥರ ಆ ತಿರುಗಾಟ ಮರೆಯಗೊಡುವುದಿಲ್ಲ. ಕನ್ನಡ ಪ್ರಕಾಶನದ ಲಾಭ ತೆಳುವಾದದ್ದು. ಹೊಸ ಪುಸ್ತಕದ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ ಆಗುವ ನಷ್ಟ ನೇರವಾಗಿ ಲೇಖಕರಿಗೇ ತಟ್ಟುತ್ತದೆ. ಹಾಗಾಗಿ ಕನ್ನಡ ಇ-ಪುಸ್ತಕದ ಮಾರಾಟ ಆ್ಯಪ್‌ಗಳೊಳಗೆ ಸೇರಿಕೊಂಡಿರುವುದು ಅರ್ಥವಾಗುವಂಥದ್ದೇ. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಅಂಗಡಿ ಐದು ಭಾರತೀಯ ಭಾಷೆಗಳಿಗೆ ತೆರೆದಾಗ ಕನ್ನಡ ಅದರಲ್ಲಿ ಇರಲೂ ಇಲ್ಲ.

ಬೀಗವಿಲ್ಲದ ದಾರಿ ಹಿಡಿದವರೂ ಕನ್ನಡದಲ್ಲಿದ್ದಾರೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟವನ್ನು ಚಿರಸ್ಮರಣೆ ಕಾದಂಬರಿಗೆ ತಂದ ನಿರಂಜನರ 55 ಕೃತಿಗಳನ್ನು ಅವರ ಮಕ್ಕಳು ಅದೇ ಬಗೆಯ ಪರವಾನಗಿಗೆ ಒಪ್ಪಿಸಿದರು. ಮೂಲದ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ನಕಲಿಸಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ಪಡೆದವರ ಹಕ್ಕನ್ನು ಕಸಿಯುವ ತಾಂತ್ರಿಕ ಬೀಗ ಹಾಕುವುದನ್ನು ಮಾತ್ರ ಪರವಾನಗಿಯೇ ನಿಷೇಧಿಸುತ್ತದೆ. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷಕ್ಕೆ ಕೃತಿಗಳು ಎಲ್ಲರ ಸ್ವತ್ತಾಗುತ್ತವೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಬರಹಗಳು ಆಗಲೇ ಮುಕ್ತ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಕೃತಿಗಳು 2024ರ ಜನವರಿ 1ರಿಂದ ಮುಕ್ತವಾದವು. ಇಂಥ ಕೃತಿಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಹುಡುಕಬಲ್ಲ ಪಠ್ಯವಾಗಿ ಬರುತ್ತಿವೆ.

ಕನ್ನಡಕ್ಕೆ ವಿಶಿಷ್ಟವಾದ ಇನ್ನೊಂದು ತಡೆಯನ್ನು ಯಾವ ಕಂಪನಿಯೂ ಹಾಕಿದ್ದಲ್ಲ. ದಶಕಗಳ ಕಾಲ ಕನ್ನಡ ಪುಸ್ತಕಗಳ ಪುಟ ಕಟ್ಟಿದ್ದು ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ. ಅಂಥ ಪಿಡಿಎಫ್ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ, ಆದರೆ ಕಡತದೊಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಹುಡುಕಿದರೆ ಒಂದು ಪದವೂ ಸಿಗದು. ಸ್ಕ್ರೀನ್ ರೀಡರ್ ಅದನ್ನು ಓದಲು ಹೊರಟರೆ ಕೇಳಿಬರುವುದು ಅರ್ಥವಿಲ್ಲದ ಸದ್ದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಕ್ಕೂ, ಲೇಖಕರೇ ಉಚಿತವಾಗಿ ಕೊಟ್ಟ ಪುಸ್ತಕಕ್ಕೂ ಈ ಪಾಡು ತಪ್ಪಿಲ್ಲ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ಅವು ಎಡವುವುದರಿಂದ ಪುಟಪುಟವನ್ನೂ ಕುಳಿತು ತಿದ್ದಬೇಕಾಗುತ್ತದೆ. ಪ್ರಕಾಶಕರು ಅಚ್ಚಿನ ಪಿಡಿಎಫ್ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಕಾಪಿಟ್ಟು ಮರಾಕೆಶ್ ವ್ಯವಸ್ಥೆಯ ಅಧಿಕೃತ ಸಂಸ್ಥೆಗಳಿಗೆ ಕೊಡುವುದಾದರೆ, ಒಂದು ಕನ್ನಡ ಪುಸ್ತಕವನ್ನು ಧ್ವನಿಗೋ ಬ್ರೈಲ್‌ಗೋ ತರಲು ಹಿಡಿಯುವ ತಿಂಗಳುಗಳ ಕೆಲಸ ಕೆಲವೇ ದಿನಗಳಿಗೆ ಇಳಿಯುತ್ತದೆ. ಅದಕ್ಕೆ ಹೊಸ ಕಾನೂನು ಬೇಕಿಲ್ಲ.